ಕೌನ್ಸಿಲ್ ಮನೆ, ಹೌಸಿಂಗ್ ಅಸೋಸಿಯೇಶನ್ ಮನೆ: ರಿಪೇರಿ ಮಾಡಿಸದ ಮಾಲೀಕರ ಮೇಲೆ ದೂರು ಕೊಡುವುದು ಹೇಗೆ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆ. ಎಷ್ಟು ಸಲ ಫೋನ್ ಮಾಡಿದರೂ ನೋಟ್ ಮಾಡ್ಕೊಂಡಿದ್ದೀವಿ ಅಂತಾರೆ, ಯಾರೂ ಬರಲ್ಲ. ಇನ್ನು ಯಾರನ್ನು ಕೇಳೋದು?"

ಕೇಳುವವರಲ್ಲಿ ಹೆಚ್ಚಿನವರು ಇನ್ನೂ ದೂರನ್ನೇ ಕೊಟ್ಟಿರುವುದಿಲ್ಲ. ಹತ್ತು ಸಲ ಫೋನ್ ಮಾಡಿದ್ದರೂ ಮಾಲೀಕರ ಕಂಪ್ಯೂಟರಿನಲ್ಲಿ ಅದು ಹತ್ತು "ರಿಪೇರಿ ವಿನಂತಿ" ಎಂದಷ್ಟೇ ದಾಖಲಾಗಿರುತ್ತದೆ. ವಿನಂತಿ ಬೇರೆ, ದೂರು ಬೇರೆ. ದೂರು ಎಂದು ದಾಖಲಾದ ದಿನದಿಂದ ಮಾತ್ರ ಮಾಲೀಕರು ಇಷ್ಟು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕು ಎಂಬ ಲೆಕ್ಕ ಶುರುವಾಗುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎರಡೆರಡು ಚಳಿಗಾಲ ಕಾದ ಮನೆಗಳಿವೆ.

ಈ ದಾರಿ ಯಾರಿಗೆ?

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ ಅನ್ವಯ. ಸ್ಥಳೀಯ ಕೌನ್ಸಿಲ್ ಅಥವಾ ಲಾಭದ ಉದ್ದೇಶವಿಲ್ಲದ ಹೌಸಿಂಗ್ ಅಸೋಸಿಯೇಶನ್ ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಗೆ ಕೊಡುವ ಮನೆಗಳೇ ಸೋಷಿಯಲ್ ಹೌಸಿಂಗ್. ಇವೆರಡನ್ನೂ ಈ ಲೇಖನದಲ್ಲಿ "ಮಾಲೀಕ ಸಂಸ್ಥೆ" ಎಂದು ಕರೆಯುತ್ತೇವೆ.

ನಮ್ಮ ಜನರಲ್ಲಿ ಅನೇಕರಿಗೆ ತಾವೂ ಈ ವ್ಯವಸ್ಥೆಯೊಳಗೆ ಬರುತ್ತೇವೆ ಎಂಬುದೇ ತಿಳಿದಿರುವುದಿಲ್ಲ. ಆಸ್ಪತ್ರೆಯ ನರ್ಸುಗಳು, ಕಿರಿಯ ವೈದ್ಯರು ಇರುವ ಸ್ಟಾಫ್ ಕ್ವಾರ್ಟರ್ಸನ್ನು ಕೆಲವೆಡೆ ಹೌಸಿಂಗ್ ಅಸೋಸಿಯೇಶನ್‌ಗಳೇ ನಡೆಸುತ್ತವೆ. ಶೇರ್ಡ್ ಓನರ್‌ಶಿಪ್, ಅಂದರೆ ಮನೆಯ ಒಂದು ಪಾಲನ್ನು ಕೊಂಡು ಉಳಿದ ಪಾಲಿಗೆ ಬಾಡಿಗೆ ಕಟ್ಟುವ ಪದ್ಧತಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡವರ ಮಾಲೀಕರೂ ಬಹುಪಾಲು ಅವೇ. ಕೌನ್ಸಿಲ್ ಕಟ್ಟಡದಲ್ಲಿ ಲೀಸ್‌ಹೋಲ್ಡ್, ಅಂದರೆ ಕಟ್ಟಡ ಕೌನ್ಸಿಲಿನದೇ ಆಗಿದ್ದು ದೀರ್ಘ ಗುತ್ತಿಗೆಯ ಹಕ್ಕಿನ ಮೇಲೆ, ಫ್ಲ್ಯಾಟ್ ಕೊಂಡವರ ಮಾತೂ ಹೀಗೆಯೇ. ಇವರೆಲ್ಲರೂ ಕೆಳಗಿನ ದಾರಿಯಲ್ಲೇ ದೂರು ಕೊಡಬಹುದು.

ಖಾಸಗಿ ಮಾಲೀಕರ ಮನೆಯಲ್ಲಿದ್ದರೆ ಈ ದಾರಿ ಸಾಮಾನ್ಯವಾಗಿ ನಿಮ್ಮದಲ್ಲ. ನಿಮ್ಮ ಕೌನ್ಸಿಲಿನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ಹೋಗಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಮೂರಕ್ಕೂ ಅವರವರದೇ ಪಬ್ಲಿಕ್ ಸರ್ವಿಸಸ್ ಒಂಬುಡ್ಸ್‌ಮನ್ (ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಇದ್ದಾರೆ, ಗಡುವುಗಳೂ ಬೇರೆ.

ಮಾಲೀಕರು ಯಾರೆಂದು ಖಚಿತವಿಲ್ಲದಿದ್ದರೆ ಟೆನೆನ್ಸಿ ಅಗ್ರಿಮೆಂಟಿನ ಮೊದಲ ಪುಟ ತೆಗೆಯಿರಿ. ರಿಪೇರಿಗೆ ಬರುವ ವ್ಯಾನಿನ ಮೇಲಿನ ಹೆಸರು ಗುತ್ತಿಗೆದಾರರದ್ದಾಗಿರಬಹುದು. ದೂರು ಹೋಗಬೇಕಾದ್ದು ಗುತ್ತಿಗೆದಾರರಿಗಲ್ಲ, ಅಗ್ರಿಮೆಂಟಿನಲ್ಲಿರುವ ಸಂಸ್ಥೆಗೆ. ಗುತ್ತಿಗೆದಾರರು ಮಾಡಿದ ತಪ್ಪಿಗೂ ಉತ್ತರ ಕೊಡಬೇಕಾದವರು ಮಾಲೀಕ ಸಂಸ್ಥೆಯವರೇ.

ಇನ್ನು ಭಯದ ವಿಷಯ. ರಿಪೇರಿಯ ದೂರು ಹೋಮ್ ಆಫೀಸಿಗೆ ಹೋಗುವಂಥದ್ದಲ್ಲ. ವೀಸಾಗೂ ಇದಕ್ಕೂ ಸಂಬಂಧವಿಲ್ಲ. ಸೆಕ್ಯೂರ್ (ಸಾಮಾನ್ಯವಾಗಿ ಕೌನ್ಸಿಲಿನ ಕಾಯಂ ಬಾಡಿಗೆ) ಅಥವಾ ಅಶ್ಯೂರ್ಡ್ (ಸಾಮಾನ್ಯವಾಗಿ ಹೌಸಿಂಗ್ ಅಸೋಸಿಯೇಶನ್ನಿನ ಕಾಯಂ ಬಾಡಿಗೆ) ಟೆನೆನ್ಸಿ ಇರುವವರನ್ನು ಕಾನೂನು ಹೇಳಿದ ಕಾರಣವೂ ಕೋರ್ಟಿನ ಆದೇಶವೂ ಇಲ್ಲದೆ ಮನೆಯಿಂದ ಹೊರಗೆ ಹಾಕಲು ಬರುವುದಿಲ್ಲ, ದೂರು ಕೊಟ್ಟದ್ದು ಅಂಥ ಕಾರಣವಲ್ಲ. ಹೊಸದಾಗಿ ಸ್ಟಾರ್ಟರ್ ಟೆನೆನ್ಸಿಯಲ್ಲಿ, ಅಂದರೆ ಮೊದಲ ಪ್ರಾಯೋಗಿಕ ಅವಧಿಯ ಬಾಡಿಗೆಯಲ್ಲಿ, ಇದ್ದೀರಾದರೆ ಅಥವಾ ಸ್ಟಾಫ್ ಕ್ವಾರ್ಟರ್ಸಿನಂತೆ ಬರೀ ಲೈಸೆನ್ಸ್ (ವಾಸಕ್ಕೆ ಕೊಟ್ಟ ಅನುಮತಿ) ಮೇಲೆ ಇದ್ದೀರಾದರೆ ರಕ್ಷಣೆ ಕಡಿಮೆ. ಅಂಥವರೂ ದೂರು ಕೊಡಬಹುದು, ಆದರೆ ಮೊದಲು ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಎರಡೂ ಉಚಿತವಾಗಿ ಸಲಹೆ ಕೊಡುವ ದತ್ತಿ ಸಂಸ್ಥೆಗಳು.

ಹೆಜ್ಜೆ 1: ಸಮಸ್ಯೆಯನ್ನು ವರದಿ ಮಾಡಿ, ನಂಬರ್ ಪಡೆಯಿರಿ

ಗ್ಯಾಸ್ ವಾಸನೆ ಬಂದರೆ ದೂರು, ಇಮೇಲ್ ಎಲ್ಲ ಆಮೇಲೆ. ಕಿಟಕಿ ತೆರೆದು ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಆಗಿರುವ ಗ್ಯಾಸ್ ತುರ್ತು ಸಂಖ್ಯೆ, 24 ಗಂಟೆಯೂ ಕೆಲಸ ಮಾಡುತ್ತದೆ.

ಉಳಿದ ರಿಪೇರಿಗಳನ್ನು ಮೊದಲು ಮಾಲೀಕ ಸಂಸ್ಥೆಗೆ ತಿಳಿಸಿ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬಾಡಿಗೆ ಮನೆಗಳಲ್ಲಿ ಗೋಡೆ, ಮಾಡು, ಕಿಟಕಿ, ಹೊರಗಿನ ಪೈಪು, ನೀರು, ಗ್ಯಾಸ್, ಕರೆಂಟು, ಶೌಚಾಲಯ, ಮನೆ ಬಿಸಿಯಾಗಿಸುವ ಮತ್ತು ಬಿಸಿನೀರಿನ ವ್ಯವಸ್ಥೆ ಇವೆಲ್ಲ ಸರಿಯಾಗಿರುವಂತೆ ನೋಡಿಕೊಳ್ಳುವುದು ಅವರ ಹೊಣೆ. ಆದರೆ ಅವರಿಗೆ ತಿಳಿಸಿದ ಮೇಲಷ್ಟೇ ಆ ಹೊಣೆ ಜಾರಿಗೆ ಬರುತ್ತದೆ. ಪಕ್ಕದ ಮನೆಯವರು ಹೇಳಿದ್ದಾರೆ ಎಂದು ಸುಮ್ಮನಿರಬೇಡಿ. ನಿಮ್ಮ ಮನೆಯದು ನೀವೇ ಹೇಳಬೇಕು.

ಫೋನಿನಲ್ಲಿ ಹೇಳಿದರೆ ರಿಪೇರಿ ರೆಫರೆನ್ಸ್ ನಂಬರ್ ಕೇಳಿ ಬರೆದುಕೊಳ್ಳಿ, ಮಾತಾಡಿದವರ ಹೆಸರನ್ನೂ ಕೇಳಿ. ಅದೇ ದಿನ ಎರಡು ಸಾಲಿನ ಇಮೇಲ್ ಹಾಕಿ: ಇವತ್ತು ಬೆಳಿಗ್ಗೆ 10.40ಕ್ಕೆ ಇಂಥವರ ಜೊತೆ ಮಾತಾಡಿದೆ, ಇಂಥ ದಿನ ಬರುತ್ತೇವೆಂದರು, ನಂಬರ್ ಇದು. ಬಾಯಿಮಾತಿಗೆ ದಾಖಲೆ ಹುಟ್ಟುವುದು ಹೀಗೆ.

ಬೂಷ್ಟು, ತೇವ ಇದ್ದರೆ: ಅವಾಬ್ ಕಾನೂನು

ಅತಿ ಹೆಚ್ಚು ಪ್ರಶ್ನೆ ಬರುವುದು ಬೂಷ್ಟಿನ ಬಗ್ಗೆಯಾದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ರಾಚ್‌ಡೇಲ್ ಊರಿನ ಹೌಸಿಂಗ್ ಅಸೋಸಿಯೇಶನ್ ಫ್ಲ್ಯಾಟೊಂದರಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯಲ್ಲಿದ್ದ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದರಿಂದ ಬಂದ ಉಸಿರಾಟದ ತೊಂದರೆಯೇ ಸಾವಿಗೆ ಕಾರಣ ಎಂದು 2022ರ ನವೆಂಬರಿನಲ್ಲಿ ಕರೋನರ್ ತೀರ್ಪು ಕೊಟ್ಟರು. ಕರೋನರ್ ಎಂದರೆ ಅಸಹಜ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ. ತಂದೆ ತಾಯಿ ಹೇಳುತ್ತಲೇ ಬಂದಿದ್ದರು. ಕುಟುಂಬದ ಜೀವನಶೈಲಿಯ ಬಗ್ಗೆ ತಾವು ಊಹೆ ಮಾಡಿಕೊಂಡಿದ್ದು ತಪ್ಪು ಎಂದು ಆ ಸಂಸ್ಥೆಯೇ ಕೊನೆಗೆ ಒಪ್ಪಿಕೊಂಡಿತು.

ಆ ಮಗುವಿನ ಹೆಸರಿನ ನಿಯಮಗಳು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿವೆ. ಸೋಷಿಯಲ್ ಹೌಸಿಂಗಿನ ಬಾಡಿಗೆದಾರರಿಗೆ ಅನ್ವಯಿಸುತ್ತವೆ, ಶೇರ್ಡ್ ಓನರ್‌ಶಿಪ್ ಮನೆಗಳಿಗಿಲ್ಲ. ಗಡುವುಗಳು ಹೀಗಿವೆ:

- ತುರ್ತು ಅಪಾಯ ಯಾವುದೇ ಇರಲಿ, ತಿಳಿದ 24 ಗಂಟೆಯೊಳಗೆ ಬಂದು ನೋಡಿ ಅಪಾಯ ತಪ್ಪಿಸಬೇಕು.
- ಆರೋಗ್ಯಕ್ಕೆ ಗಣನೀಯ ಅಪಾಯ ಒಡ್ಡುವ ತೇವ, ಬೂಷ್ಟು ಇರಬಹುದೆಂದು ತಿಳಿದ 10 ಕೆಲಸದ ದಿನಗಳೊಳಗೆ ತಪಾಸಣೆ ಮುಗಿಸಬೇಕು.
- ತಪಾಸಣೆ ಮುಗಿದ 3 ಕೆಲಸದ ದಿನಗಳೊಳಗೆ ಏನು ಕಂಡಿತು, ಏನು ಮಾಡುತ್ತೇವೆ ಎಂಬುದನ್ನು ಬರವಣಿಗೆಯಲ್ಲಿ ಕೊಡಬೇಕು.
- ಅಪಾಯ ಇದೆ ಎಂದಾದರೆ ತಪಾಸಣೆ ಮುಗಿದ 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತವಾಗಿಸುವ ಕೆಲಸ ಆಗಬೇಕು. ಮತ್ತೆ ಬಾರದಂತೆ ಮಾಡುವ ದೊಡ್ಡ ಕೆಲಸಕ್ಕೂ ಅಷ್ಟರೊಳಗೆ ಕೈ ಹಾಕಬೇಕು. ಅದು ಸಾಧ್ಯವಾಗದಿದ್ದರೂ 12 ವಾರ ಮೀರದಂತೆ ಸ್ಥಳದಲ್ಲಿ ಕೆಲಸ ಶುರುವಾಗಬೇಕು.
- ಮೇಲಿನ ಗಡುವಿನೊಳಗೆ (24 ಗಂಟೆ ಅಥವಾ 5 ಕೆಲಸದ ದಿನ) ಮನೆಯನ್ನು ಸುರಕ್ಷಿತ ಮಾಡಲಾಗದಿದ್ದರೆ ತಮ್ಮ ಖರ್ಚಿನಲ್ಲಿ ಬೇರೆ ಕಡೆ ಇರಲು ಜಾಗ ಕೊಡಬೇಕು.

ಇಮೇಲಿನಲ್ಲಿ "ಅವಾಬ್ಸ್ ಲಾ" ಎಂಬ ಎರಡು ಪದಗಳನ್ನು ಬರೆಯಿರಿ. ಮನೆಯಲ್ಲಿ ಕೂಸು, ವಯಸ್ಸಾದವರು, ಆಸ್ತಮಾ ಇರುವವರು ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಅಪಾಯ ಎಷ್ಟು ದೊಡ್ಡದು ಎಂದು ಅಳೆಯುವಾಗ ಮನೆಯಲ್ಲಿ ಯಾರಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹೆಜ್ಜೆ 2: ಸಾಕ್ಷ್ಯ ಕೂಡಿಸಿ

ಒಂದು ನೋಟ್‌ಬುಕ್ ಅಥವಾ ಫೋನಿನಲ್ಲೊಂದು ಫೋಲ್ಡರ್ ಸಾಕು, ಆದರೆ ಮೊದಲ ದಿನದಿಂದಲೇ ಇರಲಿ.

ಬೂಷ್ಟಿನ ಫೋಟೋ ತೆಗೆಯುವಾಗ ಒಂದನ್ನು ಬಾಗಿಲಿನಿಂದ, ಯಾವ ಕೋಣೆಯ ಯಾವ ಗೋಡೆ ಎಂದು ತಿಳಿಯುವಂತೆ ತೆಗೆಯಿರಿ. ಇನ್ನೊಂದನ್ನು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆಯಿರಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆದರೆ ಹೇಗೆ ಹಬ್ಬುತ್ತಿದೆ ಎಂಬುದು ತಾನೇ ಕಾಣುತ್ತದೆ. ಕಪಾಟನ್ನು ಗೋಡೆಯಿಂದ ಸರಿಸಿ ಹಿಂಭಾಗವನ್ನೂ ತೆಗೆಯಿರಿ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಕಪಾಟಿನ ಹಿಂದೆ ಗಾಳಿಯಾಡುವುದಿಲ್ಲವಾದ್ದರಿಂದ ಬೂಷ್ಟು ಮೊದಲು ಏಳುವುದೇ ಅಲ್ಲಿ.

ಮಾಲೀಕ ಸಂಸ್ಥೆಯಿಂದ ಬರುವ ಸಿದ್ಧ ಉತ್ತರವೊಂದಿದೆ: ನೀವು ಕಿಟಕಿ ತೆರೆಯುವುದಿಲ್ಲ, ಒಳಗೆ ಬಟ್ಟೆ ಒಣಗಿಸುತ್ತೀರಿ, ಅಡುಗೆಯ ಹಬೆ ಜಾಸ್ತಿ. ದಿನಾ ಕುಕ್ಕರ್ ಕೂಗುವ, ಸಾರು ಕುದಿಯುವ ನಮ್ಮ ಮನೆಗಳಲ್ಲಿ ಈ ಮಾತು ಬೇಗ ಬರುತ್ತದೆ. ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಡಿ. ಅಡುಗೆ ಮಾಡುವುದು, ಸ್ನಾನ ಮಾಡುವುದು, ಬಟ್ಟೆ ಒಗೆಯುವುದು ತಪ್ಪಲ್ಲ, ಅದನ್ನೆಲ್ಲ ತಾಳುವಂತೆ ಮನೆ ಇರಬೇಕು. ಸೋಷಿಯಲ್ ಹೌಸಿಂಗಿನ ದೂರುಗಳನ್ನು ವಿಚಾರಿಸುವ ಹೌಸಿಂಗ್ ಒಂಬುಡ್ಸ್‌ಮನ್ (ಹೆಜ್ಜೆ 6 ನೋಡಿ) 2021ರ ಅಕ್ಟೋಬರಿನಲ್ಲಿ ಹೊರತಂದ ವರದಿಯ ಹೆಸರೇ "ಇದು ಜೀವನಶೈಲಿಯಲ್ಲ" ಎಂಬ ಅರ್ಥದ್ದು. ನಿಮ್ಮ ಪತ್ರದಲ್ಲಿ ಅದನ್ನು ನೆನಪಿಸಿ.

ಈ ವಾದಕ್ಕೆ ಅಂಕಿಯಲ್ಲೇ ಉತ್ತರ ಕೊಡಬಹುದು. ಹೈಗ್ರೋಮೀಟರ್ ಎಂಬ, ಗಾಳಿಯ ತೇವಾಂಶ ತೋರಿಸುವ ಪುಟ್ಟ ಸಾಧನ ಸುಮಾರು 10 ಪೌಂಡಿಗೆ ಸಿಗುತ್ತದೆ. ಅದನ್ನು ಒಲೆ, ಕಿಟಕಿ, ಬಚ್ಚಲಿನಿಂದ ದೂರವಿಟ್ಟು ಬೆಳಿಗ್ಗೆ ಸಂಜೆ ಅಂಕಿ ಬರೆಯಿರಿ. ಅಡುಗೆಮನೆಯ, ಬಚ್ಚಲಿನ ಎಕ್ಸ್‌ಟ್ರಾಕ್ಟರ್ ಫ್ಯಾನಿನ ಜಾಲರಿಗೆ ಒಂದು ಹಾಳೆ ಟಿಶ್ಯೂ ಹಿಡಿದು ನೋಡಿ. ಫ್ಯಾನ್ ಸದ್ದು ಮಾಡುತ್ತಿದ್ದರೂ ಹಾಳೆ ಅಂಟಿ ನಿಲ್ಲದಿದ್ದರೆ ಅದು ಗಾಳಿ ಎಳೆಯುತ್ತಿಲ್ಲ. ಅದರ ವಿಡಿಯೋ ಇಟ್ಟುಕೊಳ್ಳಿ.

ಜೊತೆಗೆ ಇವನ್ನೂ ಸೇರಿಸಿ: ಬರುತ್ತೇವೆಂದು ಬಾರದೆ ಹೋದ ದಿನಗಳು ಮತ್ತು ಅದಕ್ಕಾಗಿ ನೀವು ಹಾಕಿದ ರಜೆ, ಹಾಳಾದ ಹಾಸಿಗೆ, ಬಟ್ಟೆಗಳ ಫೋಟೋ ಮತ್ತು ರಸೀದಿ, ಕೆಟ್ಟ ಬಾಯ್ಲರಿನ ಬದಲು ಹೀಟರ್ ಓಡಿಸಿದ ತಿಂಗಳ ಕರೆಂಟು ಬಿಲ್ಲು, ಮಗುವಿನ ಕೆಮ್ಮಿಗೆ ವೈದ್ಯರ ಬಳಿ ಹೋದ ದಾಖಲೆ. ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಬಂದಿದ್ದರೆ ಒಗೆಯುವ ಮೊದಲು, ಎಸೆಯುವ ಮೊದಲು ಫೋಟೋ ತೆಗೆದಿಡಿ.

ಹೆಜ್ಜೆ 3: ದೂರು ಬರೆಯಿರಿ

ಹೇಳಿದ ದಿನ ಬರಲಿಲ್ಲ, ಬಂದವರು ಅರ್ಧ ಮಾಡಿ ಹೋದರು, ಒರಟಾಗಿ ಮಾತಾಡಿದರು: ಯಾವುದೇ ಅತೃಪ್ತಿಯೂ ದೂರೇ. ಒಂಬುಡ್ಸ್‌ಮನ್ ಅವರ ಕಂಪ್ಲೇಂಟ್ ಹ್ಯಾಂಡ್ಲಿಂಗ್ ಕೋಡ್, ಅಂದರೆ ದೂರು ನಿರ್ವಹಣಾ ಸಂಹಿತೆ, 2024ರ ಏಪ್ರಿಲ್ 1ರಿಂದ ಕಾನೂನಿನ ಬಲ ಪಡೆದಿದೆ. ಅದರ ಪ್ರಕಾರ ನೀವು "ದೂರು" ಎಂಬ ಪದ ಬಳಸದಿದ್ದರೂ ಅವರು ಅದನ್ನು ದೂರೆಂದೇ ಪರಿಗಣಿಸಬೇಕು. ಫೋನ್, ಇಮೇಲ್, ಪತ್ರ, ಕೌಂಟರಿನಲ್ಲಿ ಬಾಯಿಮಾತು, ಹೇಗೆ ಕೊಟ್ಟರೂ ಸ್ವೀಕರಿಸಬೇಕು. ರಿಪೇರಿ ಇನ್ನೂ ನಡೆಯುತ್ತಿದೆ, ಮುಗಿದ ಮೇಲೆ ದೂರು ಕೊಡಿ ಎನ್ನುವಂತಿಲ್ಲ. ದೂರು ಬಂತೆಂದು ರಿಪೇರಿ ನಿಲ್ಲಿಸುವಂತೆಯೂ ಇಲ್ಲ.

ನಿಯಮ ಹೀಗಿದ್ದರೂ ನೀವು ಪದ ಬಿಡಬೇಡಿ. ದೂರಿಗೆ ಎರಡು ಹಂತಗಳಿವೆ, ಇದು ಮೊದಲನೆಯದು. ಇಮೇಲಿನ ವಿಷಯದ ಸಾಲಿನಲ್ಲೇ "ಫಾರ್ಮಲ್ ಕಂಪ್ಲೇಂಟ್, ಸ್ಟೇಜ್ ಒನ್" ಎಂದು ಹಾಕಿ. ಆಗ ಅದು ರಿಪೇರಿ ವಿಭಾಗದ ರಾಶಿಗೆ ಬೀಳುವುದು ತಪ್ಪುತ್ತದೆ. ಒಳಗೆ ನಾಲ್ಕು ಸಂಗತಿ ಇರಲಿ: ಏನಾಯಿತು, ಯಾವ ತಾರೀಖುಗಳಲ್ಲಿ ತಿಳಿಸಿದಿರಿ, ಮನೆಮಂದಿಗೆ ಏನು ತೊಂದರೆಯಾಗಿದೆ, ಈಗ ಏನಾಗಬೇಕು. ಮಾದರಿ ಕನ್ನಡದಲ್ಲಿದೆ, ಇಂಗ್ಲಿಷಿಗೆ ಮಾಡಿಕೊಳ್ಳಿ:

> ಇದು ನನ್ನ ಮೊದಲ ಹಂತದ ದೂರು. ಹಿಂದಿನ ಮಲಗುವ ಕೋಣೆಯ ಹೊರಗೋಡೆಯಲ್ಲಿ ಬೂಷ್ಟು ಇದೆ ಎಂದು ನವೆಂಬರ್ 3, ನವೆಂಬರ್ 20 ಮತ್ತು ಡಿಸೆಂಬರ್ 8ರಂದು ತಿಳಿಸಿದ್ದೇನೆ. ರಿಪೇರಿ ನಂಬರುಗಳು ಕೆಳಗಿವೆ. ನವೆಂಬರ್ 27ರಂದು ಬರುತ್ತೇವೆಂದವರು ಬರಲಿಲ್ಲ. ಡಿಸೆಂಬರ್ 15ರಂದು ಬಂದವರು ಗೋಡೆ ಒರೆಸಿ ಬಣ್ಣ ಬಳಿದು ಹೋದರು, ಮೂರು ವಾರದಲ್ಲಿ ಬೂಷ್ಟು ಮರಳಿದೆ. ಆ ಕೋಣೆಯಲ್ಲಿ ಆಸ್ತಮಾ ಇರುವ ಆರು ವರ್ಷದ ಮಗ ಮಲಗುತ್ತಾನೆ, ಈಗ ಎಲ್ಲರೂ ಹಾಲ್‌ನಲ್ಲಿ ಮಲಗುತ್ತಿದ್ದೇವೆ. ನನಗೆ ಬೇಕಾದ್ದು: ಅರ್ಹ ಸರ್ವೇಯರ್ ಬಂದು ತೇವದ ಮೂಲ ಕಂಡುಹಿಡಿಯಬೇಕು, ವರದಿಯ ಪ್ರತಿ ಕೊಡಬೇಕು, ತಾರೀಖು ಸಹಿತ ಕೆಲಸದ ಪಟ್ಟಿ ಕೊಡಬೇಕು, ಕೋಣೆ ಬಳಸಲಾಗದ ಅವಧಿಗೂ ಹಾಳಾದ ಸಾಮಾನಿಗೂ ಪರಿಹಾರ ಕೊಡಬೇಕು.

"ಮೂಲ ಕಂಡುಹಿಡಿಯಬೇಕು" ಎಂಬ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಬೂಷ್ಟು ತೊಳೆಯುವ ದ್ರಾವಣ ಬಳಿದು ಮೇಲೆ ಬಿಳಿ ಬಣ್ಣ ಹೊಡೆದರೆ ದೂರು ಮುಗಿಯಿತು ಎಂದು ಬರೆದುಕೊಳ್ಳುತ್ತಾರೆ. ಒಡೆದ ಗಟರ್, ಸೋರುವ ಪೈಪು, ಕೆಲಸ ಮಾಡದ ಫ್ಯಾನ್, ಇನ್ಸುಲೇಶನ್ ಇಲ್ಲದ ತಣ್ಣನೆ ಗೋಡೆ ಹಾಗೇ ಉಳಿದರೆ ಬೂಷ್ಟು ಬಂದೇ ಬರುತ್ತದೆ.

ಪತ್ರ ಒಂದು ಪುಟ ದಾಟದಿರಲಿ. ಬೈಗುಳ, ಕೋಪದ ಮಾತು ಬೇಡ. ನಾಳೆ ಇದನ್ನು ಓದುವವರು ನಿಮ್ಮನ್ನು ನೋಡಿರದ ಮೂರನೆಯವರು.

ಇಂಗ್ಲಿಷ್ ಕಷ್ಟವಾದರೆ ನಿಮ್ಮ ಪರವಾಗಿ ಮಗಳೋ ಅಳಿಯನೋ ಸ್ನೇಹಿತರೋ ದೂರು ನಡೆಸಬಹುದು. ಆ ಅವಕಾಶ ಸಂಹಿತೆಯಲ್ಲೇ ಇದೆ. "ನನ್ನ ಪರವಾಗಿ ಇವರು ಮಾತಾಡಲು ಒಪ್ಪಿದ್ದೇನೆ" ಎಂದು ನಿಮ್ಮ ಸಹಿಯೊಂದಿಗೆ ಒಂದು ಸಾಲು ಕಳಿಸಿದರೆ ಗೋಪ್ಯತೆಯ ನೆಪ ಹೇಳಿ ಅವರನ್ನು ದೂರವಿಡಲು ಆಗುವುದಿಲ್ಲ. ದುಭಾಷಿ ಬೇಕೆಂದೂ ಕೇಳಿ. ಶಾಲೆಗೆ ಹೋಗುವ ಮಗುವನ್ನು ಸರ್ವೇಯರ್ ಮುಂದೆ ನಿಲ್ಲಿಸಿ ಅನುವಾದ ಮಾಡಿಸಬೇಡಿ. ಅರ್ಧ ತಪ್ಪಾಗುತ್ತದೆ, ಮಗುವಿನ ಮನಸ್ಸಿಗೂ ಅದು ಭಾರ.

ಹೆಜ್ಜೆ 4: ದಿನ ಎಣಿಸಿ

ಕೆಲಸದ ದಿನ ಎಂದರೆ ಶನಿವಾರ, ಭಾನುವಾರ, ಬ್ಯಾಂಕ್ ರಜೆ ಬಿಟ್ಟು ಉಳಿದ ದಿನ. ಮೊದಲ ಹಂತದಲ್ಲಿ ದೂರು ಬಂತು ಎಂಬ ಸ್ವೀಕೃತಿ 5 ಕೆಲಸದ ದಿನದೊಳಗೆ ಬರಬೇಕು. ಸ್ವೀಕೃತಿ ಕೊಟ್ಟ ದಿನದಿಂದ 10 ಕೆಲಸದ ದಿನದೊಳಗೆ ಪೂರ್ಣ ಉತ್ತರ ಬರಬೇಕು. ಅಂದರೆ ಒಟ್ಟು ಮೂರು ವಾರ. ಪ್ರಕರಣ ಜಟಿಲವಾಗಿದ್ದರೆ ಕಾರಣ ಹೇಳಿ ಇನ್ನು 10 ಕೆಲಸದ ದಿನ ತೆಗೆದುಕೊಳ್ಳಬಹುದು.

ಸ್ವೀಕೃತಿ ಪತ್ರ ಬಂದ ಕೂಡಲೇ ಅದರಲ್ಲಿ ನಿಮ್ಮ ದೂರನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂದು ಓದಿ. ಮೂರು ವಿಷಯ ಬರೆದಿದ್ದರೆ ಎರಡನ್ನೇ ಪಟ್ಟಿಮಾಡಿರುವುದುಂಟು. ಆ ದಿನವೇ ತಿದ್ದುಪಡಿ ಕಳಿಸಿ. ಉತ್ತರ ಹೊರಡುವ ಮೊದಲು ಸಂಬಂಧಪಟ್ಟ ಹೊಸ ವಿಷಯ ಸೇರಿಸಿದರೆ ಅದನ್ನೂ ಅದೇ ದೂರಿನಲ್ಲಿ ತೆಗೆದುಕೊಳ್ಳಬೇಕು. ತಡವಾದರೆ ಅದು ಬೇರೆ ದೂರಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಈ ಅವಧಿಯಲ್ಲಿ ಎಲ್ಲರೂ ಎಡವುವ ಜಾಗ ಇದು: ರಿಪೇರಿಯವರು ಗೊತ್ತಿಲ್ಲದ ನಂಬರಿನಿಂದ ಕರೆ ಮಾಡುತ್ತಾರೆ, ನೀವು ಸ್ಕ್ಯಾಮ್ ಕರೆ ಎಂದುಕೊಂಡು ಎತ್ತುವುದಿಲ್ಲ. ಅವರು "ನೋ ಆಕ್ಸೆಸ್", ಅಂದರೆ ಮನೆಯೊಳಗೆ ಬಿಡಲಿಲ್ಲ ಎಂದು ಬರೆದು ಕೆಲಸವನ್ನು ಮುಚ್ಚುತ್ತಾರೆ. ಆಮೇಲೆ ತಪ್ಪು ನಿಮ್ಮದಾಗುತ್ತದೆ. ಆದ್ದರಿಂದ ಯಾವ ಯಾವ ದಿನ, ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತೀರಿ ಎಂದು ಮೊದಲೇ ಬರೆದು ಕೊಡಿ. ಕಾದು ಯಾರೂ ಬಾರದಿದ್ದರೆ ಆ ಸಂಜೆಯೇ ಇಮೇಲ್ ಹಾಕಿ. ಬಾಗಿಲಿಗೆ ಕ್ಯಾಮೆರಾ ಬೆಲ್ ಇದ್ದರೆ ಆ ಹೊತ್ತಿನ ವಿಡಿಯೋ ಉಳಿಸಿಕೊಳ್ಳಿ.

ಹೆಜ್ಜೆ 5: ಎರಡನೇ ಹಂತ ಕೇಳಿ

ಮೊದಲ ಉತ್ತರದಲ್ಲಿ ಸಾಮಾನ್ಯವಾಗಿ ಕ್ಷಮೆ, ಒಂದಿಷ್ಟು ಪೌಂಡ್ ಪರಿಹಾರ, "ಶೀಘ್ರದಲ್ಲೇ ಮಾಡುತ್ತೇವೆ" ಎಂಬ ಮಾತು ಇರುತ್ತದೆ. ತೃಪ್ತಿಯಾಗದಿದ್ದರೆ ಒಂದೇ ಸಾಲು ಸಾಕು: "ಈ ಉತ್ತರ ನನಗೆ ಒಪ್ಪಿಗೆಯಿಲ್ಲ, ಎರಡನೇ ಹಂತಕ್ಕೆ ಒಯ್ಯಿರಿ." ಯಾಕೆ ಎಂದು ವಿವರಿಸಲೇಬೇಕೆಂದು ಅವರು ಒತ್ತಾಯಿಸುವಂತಿಲ್ಲ. ಆದರೂ ಎಲ್ಲಿ ತಪ್ಪಿದೆ ಎಂದು ನಾಲ್ಕು ಸಾಲು ಬರೆದರೆ ನಿಮಗೇ ಲಾಭ. ಮೊದಲ ಹಂತ ನೋಡಿದವರೇ ಎರಡನೆಯದನ್ನೂ ನೋಡುವಂತಿಲ್ಲ.

ಇಲ್ಲೂ ಸ್ವೀಕೃತಿಗೆ 5 ಕೆಲಸದ ದಿನ, ಅಲ್ಲಿಂದ ಉತ್ತರಕ್ಕೆ 20. ಹೆಚ್ಚುವರಿ ಅವಧಿಯೂ 20 ಕೆಲಸದ ದಿನಕ್ಕಿಂತ ಹೆಚ್ಚಾಗಬಾರದು, ಅದಕ್ಕೂ ಸರಿಯಾದ ಕಾರಣ ಬೇಕು. ಎಲ್ಲ ಸರಿಯಾಗಿ ನಡೆದರೆ ಎರಡೂ ಹಂತ ಸೇರಿ ಎಂಟು ವಾರ. ಎರಡು ಕಡೆಯೂ ಪೂರ್ತಿ ಕಾಲಾವಕಾಶ ತೆಗೆದುಕೊಂಡರೆ ಹದಿನಾಲ್ಕು ವಾರ. ಮೂರನೇ ಹಂತ ಎಂಬುದಿಲ್ಲ. ಪ್ಯಾನೆಲ್ ಮುಂದೆ ಬನ್ನಿ, ಮ್ಯಾನೇಜರ್ ಮತ್ತೊಮ್ಮೆ ನೋಡುತ್ತಾರೆ ಎಂದು ಇನ್ನೊಂದು ಸುತ್ತು ಎಳೆದರೆ ಒಪ್ಪಬೇಡಿ. ಎರಡನೇ ಹಂತದ ಉತ್ತರವೇ ಅಂತಿಮ, ಅದನ್ನು ಜೋಪಾನವಾಗಿಡಿ.

ಪರಿಹಾರ ಕೊಡುತ್ತೇವೆ ಎಂದು ಬರೆದಿದ್ದರೆ ಆ ವಾಕ್ಯವನ್ನು ಎರಡು ಸಲ ಓದಿ. "ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್" ಎಂದಿದ್ದರೆ ಅದು ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂಬ ಒಪ್ಪಂದ. ಕೆಲಸ ಮುಗಿಯುವ ಮೊದಲು ಅದಕ್ಕೆ ಸಹಿ ಹಾಕಬೇಡಿ. ಹಣ ಪಡೆದರೆ ದೂರು ಮುಚ್ಚುತ್ತದೆಯೇ ಎಂದು ಬರವಣಿಗೆಯಲ್ಲೇ ಕೇಳಿ.

ಹೆಜ್ಜೆ 6: ಹೌಸಿಂಗ್ ಒಂಬುಡ್ಸ್‌ಮನ್

ಭಾರತದಲ್ಲಿ ಬ್ಯಾಂಕುಗಳ ಮೇಲಿನ ದೂರಿಗೆ ಒಂಬುಡ್ಸ್‌ಮನ್ ಇರುವುದನ್ನು ನೀವು ಕೇಳಿರುತ್ತೀರಿ. ಸೋಷಿಯಲ್ ಹೌಸಿಂಗಿಗೂ ಅಂಥದೇ ಸ್ವತಂತ್ರ ವ್ಯವಸ್ಥೆ ಇದೆ. ಒಂದು ಪೆನ್ನಿಯೂ ಖರ್ಚಿಲ್ಲ, ವಕೀಲರು ಬೇಕಿಲ್ಲ. ಅಂತಿಮ ಉತ್ತರ ಬಂದ 12 ತಿಂಗಳೊಳಗೆ ಹೋಗಬೇಕು. ಮೊದಲೆಲ್ಲ ಎಂಟು ವಾರ ಕಾಯಬೇಕು ಅಥವಾ ಎಂಪಿ, ಕೌನ್ಸಿಲರ್ ಮೂಲಕವೇ ಹೋಗಬೇಕು ಎಂಬ ನಿಯಮವಿತ್ತು, 2022ರ ಅಕ್ಟೋಬರಿನಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಈಗಲೂ ಕೆಲವರು ಹಳೆಯ ನಿಯಮವನ್ನೇ ಹೇಳುತ್ತಾರೆ, ನಂಬಬೇಡಿ.

ಅವರ ವೆಬ್‌ಸೈಟಿನ ಫಾರಂ ತುಂಬಬಹುದು ಅಥವಾ 0300 111 3000ಕ್ಕೆ ಕರೆ ಮಾಡಬಹುದು. ನಿಮ್ಮ ಮಾಲೀಕ ಸಂಸ್ಥೆ ಈ ಒಂಬುಡ್ಸ್‌ಮನ್ ವ್ಯವಸ್ಥೆಯ ಸದಸ್ಯರೇ ಎಂದು ನೋಡುವ ಪಟ್ಟಿಯೂ ಅಲ್ಲೇ ಸಿಗುತ್ತದೆ. ಎರಡೂ ಹಂತದ ಉತ್ತರಗಳು, ನಿಮ್ಮ ಪತ್ರಗಳು, ತಾರೀಖುಗಳ ಒಂದು ಪುಟದ ಪಟ್ಟಿ, ಆಯ್ದ ಫೋಟೋಗಳನ್ನು ಕಳಿಸಿ. ಇನ್ನೂರು ಫೋಟೋ ಕಳಿಸುವುದಕ್ಕಿಂತ ತಾರೀಖು ಬರೆದ ಹದಿನೈದು ಸಾಕು.

ಮಾಲೀಕ ಸಂಸ್ಥೆ ದೂರು ದಾಖಲಿಸಿಕೊಳ್ಳುತ್ತಲೇ ಇಲ್ಲವೇ? ಗಡುವು ದಾಟಿದರೂ ಉತ್ತರವಿಲ್ಲವೇ? ಅಂತಿಮ ಪತ್ರಕ್ಕಾಗಿ ಕಾಯುತ್ತ ಕೂರಬೇಡಿ. ಆಗಲೇ ಒಂಬುಡ್ಸ್‌ಮನ್‌ಗೆ ತಿಳಿಸಿ. ಉತ್ತರ ಕೊಡಿ ಎಂದು ಅವರು ಒತ್ತಾಯಿಸುತ್ತಾರೆ, ಬಗ್ಗದಿದ್ದರೆ ಆದೇಶವನ್ನೂ ಹೊರಡಿಸಬಹುದು.

ತನಿಖೆಗೆ ಹಲವು ತಿಂಗಳು ಹಿಡಿಯುತ್ತದೆ, ತಾಳ್ಮೆ ಬೇಕು. ತೀರ್ಪಿನಲ್ಲಿ ಮೂರು ಮುಖ್ಯ ಪದಗಳು ಬರಬಹುದು: ಸರ್ವಿಸ್ ಫೇಲ್ಯೂರ್ ಎಂದರೆ ಸಣ್ಣ ಲೋಪ, ಮ್ಯಾಲ್‌ಅಡ್ಮಿನಿಸ್ಟ್ರೇಶನ್ ಎಂದರೆ ಸ್ಪಷ್ಟವಾದ ಆಡಳಿತ ಲೋಪ, ಸಿವಿಯರ್ ಮ್ಯಾಲ್‌ಅಡ್ಮಿನಿಸ್ಟ್ರೇಶನ್ ಎಂದರೆ ಅತಿ ಗಂಭೀರ ಲೋಪ. ರಿಪೇರಿ ಮಾಡಿ, ಕ್ಷಮೆ ಕೇಳಿ, ಇಷ್ಟು ಹಣ ಕೊಡಿ ಎಂದು ಆದೇಶಿಸುವ ಅಧಿಕಾರ ಅವರಿಗಿದೆ. ತೀರ್ಪುಗಳನ್ನು ಪ್ರಕಟಿಸುವಾಗ ಸಂಸ್ಥೆಯ ಹೆಸರು ಇರುತ್ತದೆ, ನಿಮ್ಮ ಹೆಸರು ಇರುವುದಿಲ್ಲ.

ಎಲ್ಲವೂ ಇವರ ವ್ಯಾಪ್ತಿಗೆ ಬರುವುದಿಲ್ಲ. ಬಾಡಿಗೆ ಹೆಚ್ಚಿಸಿದ್ದು ನ್ಯಾಯವೇ ಎಂದು ಇವರು ನೋಡುವುದಿಲ್ಲ. ಲೀಸ್‌ಹೋಲ್ಡ್ ಮನೆಯ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ಕಟ್ಟುವ ಹಣ) ಜಾಸ್ತಿ ಎಂಬ ತಕರಾರಿಗೆ ಫಸ್ಟ್ ಟಿಯರ್ ಟ್ರಿಬ್ಯುನಲ್ ಎಂಬ ನ್ಯಾಯಮಂಡಳಿ ಇದೆ. ಕೌನ್ಸಿಲಿನ ವೇಟಿಂಗ್ ಲಿಸ್ಟಿನಲ್ಲಿ ಆದ್ಯತೆ ತಪ್ಪಾಗಿ ಹಾಕಿದ್ದಾರೆ, ಮನೆಯಿಲ್ಲದವರೆಂದು ಕೊಟ್ಟ ಅರ್ಜಿಯನ್ನು ಸರಿಯಾಗಿ ನೋಡಲಿಲ್ಲ ಎಂಬಂಥವಕ್ಕೆ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಬೇರೆಯೇ ಇದ್ದಾರೆ. ನೆರೆಯವರ ಗದ್ದಲದ ವಿಷಯದಲ್ಲಿ ಹೌಸಿಂಗ್ ಒಂಬುಡ್ಸ್‌ಮನ್ ನೋಡುವುದು ನೆರೆಯವರ ತಪ್ಪನ್ನಲ್ಲ, ನಿಮ್ಮ ದೂರಿಗೆ ಮಾಲೀಕ ಸಂಸ್ಥೆ ಏನು ಮಾಡಿತು ಎಂಬುದನ್ನು. ರೆಗ್ಯುಲೇಟರ್ ಆಫ್ ಸೋಷಿಯಲ್ ಹೌಸಿಂಗ್ ಎಂಬ ಇನ್ನೊಂದು ಸಂಸ್ಥೆ ಇಡೀ ಮಾಲೀಕ ಸಂಸ್ಥೆಯನ್ನು ತಪಾಸಣೆ ಮಾಡಿ ಸಿ1ರಿಂದ (ಉತ್ತಮ) ಸಿ4ರವರೆಗೆ (ಕಳಪೆ) ದರ್ಜೆ ಕೊಡುತ್ತದೆ. ಒಬ್ಬೊಬ್ಬರ ದೂರನ್ನು ಅದು ಬಗೆಹರಿಸುವುದಿಲ್ಲ.

ಇಲ್ಲಿ ಎಡವಬೇಡಿ

ಬಾಡಿಗೆ ನಿಲ್ಲಿಸಬೇಡಿ. "ರಿಪೇರಿ ಮಾಡಲಿ, ಆಮೇಲೆ ಕೊಡ್ತೀನಿ" ಎಂಬುದು ನ್ಯಾಯವೆಂದು ಅನ್ನಿಸಬಹುದು, ಆದರೆ ಬಾಕಿ ಬೆಳೆದರೆ ಮನೆ ಬಿಡಿಸುವ ಪ್ರಕರಣಕ್ಕೆ ನೀವೇ ಕಾರಣ ಕೊಟ್ಟಂತಾಗುತ್ತದೆ. ಈ ಲೇಖನದಲ್ಲಿ ಒಂದೇ ಎಚ್ಚರಿಕೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮನೆ ಬಾಗಿಲಿಗೆ ಬಂದು "ಗೆದ್ದರೆ ಮಾತ್ರ ಫೀಸ್" ಎಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಕ್ಲೇಮ್ ಕಂಪನಿಗಳ ಬಗ್ಗೆ ಜಾಗ್ರತೆ. ಮಧ್ಯದಲ್ಲಿ ಬಿಟ್ಟರೆ ಖರ್ಚು ನಿಮ್ಮ ತಲೆಗೆ ಬರುವ ಷರತ್ತುಗಳಿರುತ್ತವೆ. ಅವಾಬ್ ಪ್ರಕರಣದಲ್ಲಿ ಕುಟುಂಬ ವಕೀಲರ ಮೂಲಕ ಕ್ಲೇಮ್ ಹಾಕಿದ ಮೇಲೆ, ವಕೀಲರ ಒಪ್ಪಿಗೆ ಬರುವವರೆಗೆ ರಿಪೇರಿ ಮಾಡುವುದಿಲ್ಲ ಎಂಬ ನೀತಿಯನ್ನು ಆ ಸಂಸ್ಥೆ ಪಾಲಿಸಿತ್ತು ಎಂಬುದು ವಿಚಾರಣೆಯಲ್ಲಿ ಹೊರಬಂತು. ವಕೀಲರ ಪತ್ರ ಬಂದಿದೆ ಎಂದು ರಿಪೇರಿಯನ್ನೋ ದೂರನ್ನೋ ನಿಲ್ಲಿಸುವುದು ಸರಿಯಲ್ಲ. ಕೋರ್ಟಿನಲ್ಲಿ ದಾವೆ ಅಧಿಕೃತವಾಗಿ ದಾಖಲಾದ ಮೇಲೆ ಮಾತ್ರ ಆ ವಿಷಯ ದೂರಿನ ವ್ಯವಸ್ಥೆಯಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಕೋರ್ಟೋ ಒಂಬುಡ್ಸ್‌ಮನ್ನೋ ಎಂದು ಮೊದಲೇ ತೀರ್ಮಾನಿಸಿ. ಬೂಷ್ಟಿನಿಂದ ಕಾಯಿಲೆ ಬಂತು ಎಂದು ಆರೋಗ್ಯದ ಹಾನಿಗೆ ಪರಿಹಾರ ಬೇಕಿದ್ದರೆ ಅದು ಕೋರ್ಟಿನ ಕೆಲಸ.

ಹಳೆಯ ವಿಷಯವನ್ನು ಬಾಕಿ ಇಡಬೇಡಿ. 12 ತಿಂಗಳಿಗಿಂತ ಹಿಂದೆ ನಡೆದದ್ದನ್ನು ಮಾಲೀಕ ಸಂಸ್ಥೆ ನಿರಾಕರಿಸಬಹುದು. ಸಮಸ್ಯೆ ಇವತ್ತಿಗೂ ಇದೆ ಎಂದಾದರೆ "ಇನ್ನೂ ಮುಂದುವರಿದಿದೆ" ಎಂದು ಸ್ಪಷ್ಟವಾಗಿ ಬರೆಯಿರಿ.

ತೃಪ್ತಿ ಸಮೀಕ್ಷೆಯ ಮೆಸೇಜಿಗೆ "ತುಂಬ ಕೆಟ್ಟದು" ಎಂದು ಒತ್ತಿದರೆ ದೂರು ಕೊಟ್ಟಂತಲ್ಲ. ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿ ಅದನ್ನೇ ನೆಚ್ಚಿಕೊಳ್ಳುವುದೂ ಬೇಡ.

ನಿಮ್ಮ ಕಡತದಲ್ಲಿ ಅವರು ಏನು ಬರೆದಿದ್ದಾರೆ ಎಂದು ನೋಡಬೇಕಿದ್ದರೆ "ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್" ಎಂದು ಇಮೇಲ್ ಮಾಡಿ. ನಿಮ್ಮ ಬಗ್ಗೆ ಇಟ್ಟಿರುವ ಮಾಹಿತಿಯನ್ನು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಚಿತವಾಗಿ ಕೊಡಬೇಕು. ಬರಲೇ ಇಲ್ಲದ ದಿನಕ್ಕೆ "ಕೆಲಸ ಮುಗಿದಿದೆ" ಎಂದು ಬರೆದಿರುವುದು ಸಿಕ್ಕಿಬೀಳುವುದು ಇಲ್ಲೇ.

ತೀರ್ಪು ಬಂದ ಮೇಲೆ

ಆದೇಶದಲ್ಲಿ ಪ್ರತಿ ಕೆಲಸಕ್ಕೂ ಗಡುವು ಇರುತ್ತದೆ. ಅದನ್ನು ಕ್ಯಾಲೆಂಡರಿಗೆ ಹಾಕಿಕೊಳ್ಳಿ. ದಾಟಿದರೆ ಪ್ರಕರಣದ ನಂಬರ್ ಹಾಕಿ ಒಂಬುಡ್ಸ್‌ಮನ್‌ಗೆ ಬರೆಯಿರಿ. ಆದೇಶ ಪಾಲಿಸಿದ್ದಕ್ಕೆ ಮಾಲೀಕ ಸಂಸ್ಥೆ ಅವರಿಗೆ ಪುರಾವೆ ಕೊಡಬೇಕಾಗುತ್ತದೆ. ತೀರ್ಪೇ ಸರಿಯಿಲ್ಲ ಅನ್ನಿಸಿದರೆ ಮರುಪರಿಶೀಲನೆ ಕೇಳಬಹುದು, ಎಷ್ಟು ದಿನದೊಳಗೆ ಎಂಬುದು ತೀರ್ಪಿನ ಜೊತೆ ಬರುವ ಪತ್ರದಲ್ಲೇ ಇರುತ್ತದೆ.

ಕೆಲಸ ಮುಗಿದ ಮೇಲೂ ಅದೇ ಗೋಡೆಯ ಫೋಟೋವನ್ನು ತಿಂಗಳಿಗೊಮ್ಮೆ ಮುಂದಿನ ಚಳಿಗಾಲ ಕಳೆಯುವವರೆಗೆ ತೆಗೆಯುತ್ತಿರಿ. ಬೂಷ್ಟು ಮತ್ತೆ ಕಂಡರೆ ಅವತ್ತೇ ಹೊಸ ರಿಪೇರಿ ನಂಬರ್ ತೆಗೆದುಕೊಳ್ಳಿ, ಹಳೆಯ ತೀರ್ಪಿನ ನಂಬರನ್ನು ಹೊಸ ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ.